ಹೊರಗಿನದೆಲ್ಲ ಸೇರುತ್ತೆ, ಮನೆಯ ಮೊಸರನ್ನ ಸೇರಲ್ಲ

ಅಪಾಯಿಂಟ್‌ಮೆಂಟ್ ಕೇಳಿ ಮೆಸೇಜ್ ಹಾಕಿದ್ದು ಹೆಂಡತಿ. ಸಮಸ್ಯೆ ಏನು ಎಂದು ಕೇಳಿದ್ದಕ್ಕೆ ಅವರು ಬರೆದದ್ದು ಇಷ್ಟೇ: "ನಮ್ಮನೆಯವರು ಹೊರಗಡೆ ಏನು ಕೊಟ್ಟರೂ ತಿಂತಾರೆ. ನಾನು ಮಾಡಿದ ಮೊಸರನ್ನಕ್ಕೆ ಮಾತ್ರ ಮುಖ ಸಿಂಡರಿಸ್ತಾರೆ. ಮಗಳು ಊಟಕ್ಕೆ ಕೂರೋಕೆ ಹೆದರ್ತಾಳೆ."

ಗಂಡನನ್ನು ಇಲ್ಲಿ ಮಂಜು ಅನ್ನೋಣ, ಹೆಂಡತಿಯನ್ನು ಲತಾ. ಹೆಸರು, ಕೆಲಸ, ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ. ಹಾಸನದ ಕಡೆಯವರು. ಮಂಜು ಇಂಜಿನಿಯರ್. ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರದ ಒಂದು ಊರಲ್ಲಿ ಒಂದೂವರೆ ವರ್ಷದಿಂದ ಇದ್ದಾರೆ. ಮಗಳಿಗೆ ಆರು ವರ್ಷ. ಮಾತುಕತೆ ಎಲ್ಲ ವಿಡಿಯೊ ಕಾಲ್‌ನಲ್ಲಿ ನಡೆಯಿತು.

ಮಂಜು ಕೇಳಿದ ಮೊದಲ ಪ್ರಶ್ನೆ: "ಮೇಡಂ, ಊಟ ಸೇರಲ್ಲ ಅಂತ ಕೌನ್ಸೆಲಿಂಗ್‌ಗೆ ಬಂದ್ರೆ ಜನ ನಗಲ್ವಾ?"

ನಗೋರು ನಗಲಿ ಬಿಡಿ ಅಂದೆ. ಗಂಡ ಹೆಂಡತಿ ಜಗಳ ಎಷ್ಟೋ ಸಲ ಒಲೆಯ ಹತ್ತಿರವೇ ಶುರುವಾಗಿರುತ್ತದೆ. ಹೇಳಿಕೊಳ್ಳಲು ನಾಚಿಕೆ, ಅಷ್ಟೇ. ಅದಕ್ಕೇ "ಹೊಂದಾಣಿಕೆ ಇಲ್ಲ" ಅಂತ ದೊಡ್ಡ ಮಾತು ಬಳಸುತ್ತಾರೆ.

ಮೊದಲು ನಿದ್ದೆ, ತೂಕ, ಕುಡಿತ, ಆಫೀಸಿನ ಕೆಲಸ ಎಲ್ಲ ವಿಚಾರಿಸಿದೆ. ಹೊರದೇಶಕ್ಕೆ ಹೋದವರಿಗೆ ಊಟ ಸೇರದಿರುವುದು ಖಿನ್ನತೆಯ ಮೊದಲ ಸುಳಿವೂ ಆಗಿರಬಹುದು. ಅದರಲ್ಲೂ ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲಾಗುವ ಊರು ಅದು. ಮಂಜು ವಿಷಯದಲ್ಲಿ ಹಾಗೇನೂ ಇರಲಿಲ್ಲ. ನಿದ್ದೆ ಸರಿಯಾಗಿತ್ತು. ಕೆಲಸ ಇಷ್ಟ. ತೂಕ ಇಳಿಯುವ ಬದಲು ಸ್ವಲ್ಪ ಏರಿತ್ತು! ಊಟ ಸೇರದವರ ತೂಕ ಏರುವುದು ಹೇಗೆ? ಆ ಪ್ರಶ್ನೆಯೇ ನನಗೆ ದಾರಿ ತೋರಿಸಿತು.

ಒಂದು ವಾರ ತಿಂದದ್ದನ್ನೆಲ್ಲ ಬರೆದಿಡಿ ಅಂದೆ. ಪಕ್ಕದಲ್ಲಿ ಸಿಟ್ಟಿಗೆ ಹತ್ತಕ್ಕೆ ಎಷ್ಟು ಅಂಕ ಅಂತಲೂ ಹಾಕಬೇಕು. ಇಂಜಿನಿಯರ್ ಅಲ್ವಾ, ಎಕ್ಸೆಲ್ ಶೀಟ್‌ನಲ್ಲೇ ಕಳಿಸಿದರು.

ಆ ಶೀಟ್ ಓದುವುದೇ ಒಂದು ಮಜಾ. ಸೋಮವಾರ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಷ್ಪೆಟ್ಸ್ಲೆ ಜೊತೆ ಬೇಳೆ. ಷ್ಪೆಟ್ಸ್ಲೆ ಅಂದರೆ ಆ ಭಾಗದವರ ಮೊಟ್ಟೆ ಹಾಕಿದ ಗಿಡ್ಡ ನೂಡಲ್ಸ್. ಅದರ ಜೊತೆ ಕೊಡುವ ಕಂದು ಬೇಳೆಗೆ ಒಗ್ಗರಣೆ ಇಲ್ಲ, ಹುಣಸೆಹುಳಿ ಬದಲು ವಿನೆಗರ್. ಅಂಕ ಸೊನ್ನೆ. ಷರಾ: "ಚೆನ್ನಾಗಿತ್ತು, ಇನ್ನೊಂದು ಸಲ ಹಾಕಿಸ್ಕೊಂಡೆ." ಅದೇ ರಾತ್ರಿ ಮನೆಯಲ್ಲಿ ಸಾರು. ತೊಗರಿಬೇಳೆ ಮುಗಿದಿತ್ತು, ಹತ್ತಿರದ ಸೂಪರ್ ಮಾರ್ಕೆಟ್‌ನಲ್ಲಿ ಸಿಕ್ಕ ಕೆಂಪು ಮಸೂರ್ ಬೇಳೆಯಲ್ಲಿ ಲತಾ ಸಾರು ಮಾಡಿದ್ದರು. ಲತಾ ಅವರದೇ ಸಾರಿನ ಪುಡಿ, ಇಂಗು, ಒಗ್ಗರಣೆ ಎಲ್ಲ ಇತ್ತು. ಅಂಕ ಎಂಟು. ಷರಾ: "ಇದು ಸಾರಾ?"

ಉಳಿದ ದಿನಗಳೂ ಹೀಗೇ. ಗಂಟು ಹಾಕಿದ ಹಾಗಿರುವ ಬ್ರೆಡ್ಡು ಬ್ರೆಟ್ಸೆಲ್, ಅದಕ್ಕೆ ಸೊನ್ನೆ. ಮೌಲ್ಟಾಷನ್ ಅಂತ ಒಳಗೆ ಮಾಂಸ, ಪಾಲಕ್ ತುಂಬಿದ ಕಡುಬಿನಂಥದ್ದು, ಅದೂ ಸೊನ್ನೆ. ಟರ್ಕಿಯವರ ಅಂಗಡಿಯ ಡೋನರ್, ಅಂದರೆ ರೊಟ್ಟಿಯೊಳಗೆ ಸುಟ್ಟ ಮಾಂಸ ತುಂಬಿದ್ದು, ಸೊನ್ನೆ. ಆಫೀಸಿನ ಫಿಲ್ಟರ್ ಕಾಫಿ ಆರು. ಇಂಡಿಯನ್ ರೆಸ್ಟೋರೆಂಟಿನ ಊಟ ಒಂಬತ್ತು. ಮನೆಯ ಮೊಸರನ್ನವೂ ಒಂಬತ್ತು. ಕ್ಯಾಂಟೀನ್ ಟೇಬಲ್ ಮೇಲಿದ್ದ ಮ್ಯಾಗಿಗೂ ನಾಲ್ಕು ಅಂಕ! ಅಲ್ಲಿ ಮ್ಯಾಗಿ ಅಂದರೆ ಮೊದಲು ನೆನಪಾಗುವುದು ನೂಡಲ್ಸ್ ಅಲ್ಲ, ಸೂಪಿಗೆ ನಾಲ್ಕು ಹನಿ ಹಾಕಿಕೊಳ್ಳುವ ಕಂದು ಬಣ್ಣದ ಉಪ್ಪು ಸಾಸ್. 1886ರಿಂದ ಇರುವ ಸರಕು ಅದು. ನಮ್ಮ ಎರಡು ನಿಮಿಷದ ನೂಡಲ್ಸ್ ಬಂದದ್ದು ಅದಾಗಿ ಸುಮಾರು ನೂರು ವರ್ಷಕ್ಕೆ.

ಶೀಟನ್ನು ಸ್ಕ್ರೀನ್ ಮೇಲೆ ಹಾಕಿ, ಸೊನ್ನೆ ಬಂದದ್ದನ್ನೆಲ್ಲ ಓದಿ ಅಂದೆ. ಓದಿದರು. ಎಂಟು, ಒಂಬತ್ತು ಬಂದದ್ದನ್ನು ಓದಿ ಅಂದೆ. ಅರ್ಧಕ್ಕೇ ನಿಲ್ಲಿಸಿದರು. "ಇದೆಲ್ಲ ನಮ್ಮ ಊಟಾನೇ ಅಲ್ವಾ ಮೇಡಂ." ಪಕ್ಕದಲ್ಲಿ ಕೂತಿದ್ದ ಲತಾ, "ಒಂದು ವರ್ಷದಿಂದ ನಾನು ಹೇಳ್ತಿರೋದೂ ಅದೇ" ಅಂದರು.

ಆದರೆ ಲತಾ ಅದಕ್ಕೆ ಕೊಟ್ಟಿದ್ದ ಅರ್ಥ ಬೇರೆ. ನನ್ನ ಕೈ ಅಡುಗೆ ಇವರಿಗೆ ಸಾಕಾಗಿದೆ, ಹೊರಗಿನ ರುಚಿ ಹತ್ತಿದೆ ಅಂತ ಅವರು ತಿಳಿದಿದ್ದರು. ಆಗುತ್ತಿದ್ದದ್ದು ಅದಲ್ಲ. ಪೂರ್ತಿ ಹೊಸದಾದ ತಿಂಡಿ ಮುಂದೆ ಬಂದಾಗ ನಾಲಿಗೆ ಏನನ್ನೂ ಕಾಯುತ್ತಿರುವುದಿಲ್ಲ. ರುಚಿ ನೋಡುತ್ತದೆ, ಹಿಡಿಸಿದರೆ ಹಿಡಿಸಿತು. ಸಾರು, ಮೊಸರು, ಕಾಫಿ ಅಂದ ಕೂಡಲೇ ಮೂವತ್ತು ವರ್ಷದ ರುಚಿ ಬಾಯಲ್ಲಿ ಮೊದಲೇ ಬಂದು ಕೂತಿರುತ್ತದೆ. ಕತ್ತಲಲ್ಲಿ ಇನ್ನೊಂದು ಮೆಟ್ಟಿಲು ಇದೆ ಅಂತ ಕಾಲಿಟ್ಟಾಗ ಮೈ ಜುಮ್ಮೆನ್ನುತ್ತಲ್ಲ, ಹಾಗೆ. ನೆಲದಲ್ಲಿ ತಪ್ಪೇನೂ ಇರುವುದಿಲ್ಲ.

ಇದು ಬರೀ ನನ್ನ ಊಹೆಯಲ್ಲ. ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು 2008ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ದಾರೆ. ಹೊಗೆ ಹಾಕಿದ ಸಾಲ್ಮನ್ ಮೀನಿನಿಂದ ಐಸ್‌ಕ್ರೀಮ್ ಮಾಡಿದರು. ಕೆಲವರಿಗೆ ಐಸ್‌ಕ್ರೀಮ್ ಅಂತಲೇ ಹೇಳಿ ಕೊಟ್ಟರು. ಕೆಲವರಿಗೆ ಸಿಹಿಯಲ್ಲದ, ಉಪ್ಪು ಖಾರದ ಕಡೆಯ ತಣ್ಣನೆ ಮೂಸ್ (ನೊರೆಯಂಥ ಮೆತ್ತನೆ ತಿನಿಸು) ಅಂತ ಹೇಳಿ ಕೊಟ್ಟರು. ಐಸ್‌ಕ್ರೀಮ್ ಅಂದುಕೊಂಡು ತಿಂದವರಿಗೆ ಅಸಹ್ಯವಾಯಿತು, ಉಪ್ಪು ಜಾಸ್ತಿ ಅನ್ನಿಸಿತು. ಇನ್ನೊಂದು ಗುಂಪು ಸುಮ್ನೆ ತಿಂದಿತು. ಬಟ್ಟಲಲ್ಲಿದ್ದದ್ದು ಒಂದೇ.

ಮಂಜುಗೆ ಈ ಪ್ರಯೋಗ ಬಹಳ ಹಿಡಿಸಿತು. "ಹಂಗಾದ್ರೆ ನಂದು ತಪ್ಪಿಲ್ಲ ಅಲ್ವಾ?" ಅಂತ ಕೇಳಿದರು. ನಾಲಿಗೆಯದು ತಪ್ಪಿಲ್ಲ, ತಟ್ಟೆ ತಳ್ಳಿದ ಕೈಯದು ತಪ್ಪು ಅಂದೆ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿದೆ. ಕಾರಣ ಗೊತ್ತಾಯಿತು ಅಂದ ಮಾತ್ರಕ್ಕೆ ಆರು ವರ್ಷದ ಮಗು ಪ್ರತಿ ರಾತ್ರಿ "ಅಪ್ಪಂಗೆ ಇವತ್ತು ಇಷ್ಟ ಆಗುತ್ತಾ ಅಮ್ಮ?" ಅಂತ ಕೇಳುವುದು ಸರಿಹೋಗುವುದಿಲ್ಲ.

ಇನ್ನೊಂದು ಗಂಟು ಭಾನುವಾರದ ಫೋನಿನಲ್ಲಿತ್ತು. ಅಲ್ಲಿ ಮಧ್ಯಾಹ್ನ ಹನ್ನೆರಡೂವರೆ ಅಂದರೆ ಚಳಿಗಾಲದಲ್ಲಿ ಇಲ್ಲಿ ಸಂಜೆ ಐದು. ಮಂಜು ಅವರ ತಾಯಿ ಕಾಫಿ ಹಿಡಿದು ವಿಡಿಯೊ ಕಾಲ್‌ಗೆ ಬರುತ್ತಾರೆ. ಮಂಜು ತಟ್ಟೆಯನ್ನು ಕ್ಯಾಮೆರಾ ಕಡೆ ವಾಲಿಸಿ ತೋರಿಸುತ್ತಾರೆ. "ಅದೇನಪ್ಪ, ಅನ್ನಾನಾ ಅದು? ಪಾಪ, ಎಷ್ಟು ಸೊರಗಿದ್ದೀಯ." ತೂಕ ಏರಿದ ಮಗನಿಗೆ! ತಾಯಿಯ ಪ್ರೀತಿಯಲ್ಲಿ ಮೋಸವಿಲ್ಲ. ಆದರೆ ಅಡುಗೆ ಮಾಡಿದ ಸೊಸೆ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿರುತ್ತಾಳೆ. ವಾರಕ್ಕೊಮ್ಮೆ ಅವಳ ಅಡುಗೆಗೆ ಅವಳೆದುರೇ ವಿಚಾರಣೆ.

ಹೊಸ ದೇಶಕ್ಕೆ ಹೋದವರಿಗೆ ಆಗುವ ತಬ್ಬಿಬ್ಬಿಗೆ ಕಲ್ಚರ್ ಶಾಕ್ ಅನ್ನುತ್ತಾರೆ. ಆ ಮಾತನ್ನು ಜನಪ್ರಿಯ ಮಾಡಿದ ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್, 1960ರ ತಮ್ಮ ಲೇಖನದಲ್ಲಿ ಅದರ ಲಕ್ಷಣಗಳನ್ನು ಪಟ್ಟಿ ಮಾಡಿದ್ದಾರೆ. ಕುಡಿಯುವ ನೀರು, ಊಟ, ಪಾತ್ರೆಗಳ ಬಗ್ಗೆ ಅತಿಯಾದ ಚಿಂತೆ ಅದರಲ್ಲಿ ಸೇರಿದೆ. ಹಾಗಾಗಿ ಮಂಜು ಅವರದು ವಿಚಿತ್ರ ಕಾಯಿಲೆಯೇನಲ್ಲ. ಆದರೆ "ಹೋದ ಕಡೆ ಹೊಂದ್ಕೊಳ್ಳಿ ಭಾವ" ಅಂತ ಲತಾ ಅವರ ತಮ್ಮ ಹೇಳಿದ ಬುದ್ಧಿಮಾತೂ ಕೆಲಸಕ್ಕೆ ಬರುವುದಿಲ್ಲ. ಹೊಸದಕ್ಕೆ ಅವರು ಆಗಲೇ ಹೊಂದಿಕೊಂಡಾಗಿದೆ. ತೊಂದರೆ ಇರುವುದು ಹಳೆಯದರ ಹತ್ತಿರ.

ಸಲಹೆಗೆ ಬರುತ್ತೇನೆ. ಮೊದಲನೆಯದು, ಸರಿಮಾಡಬಹುದಾದದ್ದನ್ನು ಸರಿಮಾಡಿ, ಮತ್ತು ಅದನ್ನು ಮಂಜು ಅವರೇ ಮಾಡಬೇಕು. ಮೊಸರು ಸರಿ ಇಲ್ಲ ಅನ್ನುವವರು ತಾವೇ ಹೆಪ್ಪು ಹಾಕಲಿ. ಕೌನ್ಸೆಲರ್ ಮೊಸರಿನ ಪಾಠ ಹೇಳೋದಾ ಅಂತ ನೀವು ಕೇಳಬಹುದು. ಹಾಲಿನ ತೊಂದರೆಗೆ ಮನಸ್ಸಿನ ಔಷಧಿ ಕೊಡುವುದು ನನಗೆ ಸರಿ ಕಾಣುವುದಿಲ್ಲ.

ವಿಚಾರಿಸಿದರೆ, ಅವರು ಬಳಸುತ್ತಿದ್ದದ್ದು ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಇಡಬಹುದಾದ ಪೊಟ್ಟಣದ ಹಾಲು. ಅಂಥ ಹಾಲನ್ನು ಕೆಲವು ಸೆಕೆಂಡ್ 135 ಡಿಗ್ರಿಗಿಂತ ಮೇಲೆ ಕಾಯಿಸಿರುತ್ತಾರೆ. ಅದರಲ್ಲಿ ಮೊಸರು ಗಟ್ಟಿಯಾಗುವುದು ಕಷ್ಟ, ಲೋಳೆಯಾಗಿ ಉಳಿಯುತ್ತದೆ. ಹೆಪ್ಪಿಗೆ ಹಾಕುತ್ತಿದ್ದದ್ದು ಡಬ್ಬಿಯ ಮೇಲೆ "ಮಿಲ್ಡ್" ಅಂತ ಬರೆದ ಮೊಸರು. ಹುಳಿ ಕಡಿಮೆ ಇರಲಿ ಅಂತಲೇ ಬೇರೆ ಬಗೆಯ ಬ್ಯಾಕ್ಟೀರಿಯಾ ಹಾಕಿ ಮಾಡುವ ಮೊಸರು ಅದು. ಸಾಲದ್ದಕ್ಕೆ ಅಡುಗೆಮನೆ ಇಪ್ಪತ್ತು ಡಿಗ್ರಿ. ಹುಳಿ ಬರುವುದಾದರೂ ಹೇಗೆ? ಫ್ರಿಜ್ಜಿನ ಕಪಾಟಿನಿಂದ ಪೂರ್ತಿ ಕೆನೆಯ ತಾಜಾ ಹಾಲು ತನ್ನಿ, ಉಕ್ಕಿಸಿ, ಬೆರಳು ತಡೆಯುವಷ್ಟು ಬಿಸಿಗೆ ಬಂದಾಗ ಟರ್ಕಿ ಅಂಗಡಿಯ ಹುಳಿ ಮೊಸರು ಒಂದು ಚಮಚ ಹಾಕಿ, ಓವನ್ ಒಳಗಿನ ದೀಪವೊಂದನ್ನೇ ಉರಿಸಿ ರಾತ್ರಿಯೆಲ್ಲ ಬಿಡಿ ಅಂದೆ. ಬೆಳಿಗ್ಗೆ ಹುಳಿ ಸಾಲದಿದ್ದರೆ ಇನ್ನೂ ಎರಡು ಗಂಟೆ.

ಕಾಫಿಯೂ ಹಾಗೆ. ಸಕಲೇಶಪುರದ ಪಕ್ಕದವರು, ಕಾಫಿ ವಿಷಯದಲ್ಲಿ ಸ್ವಲ್ಪ ಜಂಬ. ಮನೆಯಲ್ಲಿ ಡಿಕಾಕ್ಷನ್ ಫಿಲ್ಟರ್ ಇದೆ, ಊರಿನಿಂದ ತಂದ ಚಿಕೋರಿ ಬೆರೆತ ಪುಡಿಯೂ ಇದೆ. ಹಾಲು ಮಾತ್ರ ಪೊಟ್ಟಣದಿಂದ ತಣ್ಣಗೆ ಸುರಿದುಕೊಳ್ಳುತ್ತಿದ್ದರು, ಬೆಳಿಗ್ಗೆ ಟೈಮಿಲ್ಲ ಅಂತ. ಹತ್ತು ನಿಮಿಷ ಮೊದಲು ಎದ್ದು ಹಾಲು ಕಾಯಿಸಿ ಅಂದೆ.

ಎರಡನೆಯದು ಇದಕ್ಕಿಂತ ಮುಖ್ಯ. ಕೆಲವು ತಿನಿಸು ಎಷ್ಟೇ ಮಾಡಿದರೂ ನಮ್ಮದರ ಹತ್ತಿರ ಬರುವುದಿಲ್ಲ. ಅವನ್ನು ನಮ್ಮದು ಅಂದುಕೊಳ್ಳುವುದನ್ನೇ ಬಿಡಬೇಕು. ಆಫೀಸಿನ ಕಾಫಿ ನಮ್ಮ ಫಿಲ್ಟರ್ ಕಾಫಿ ಕೆಟ್ಟು ಆದದ್ದಲ್ಲ. ಡ್ರೆಸ್ಡನ್ ನಗರದ ಮೆಲಿಟಾ ಬೆಂಟ್ಸ್ ಎಂಬ ಗೃಹಿಣಿ 1908ರಲ್ಲಿ ಕಾಗದದ ಫಿಲ್ಟರ್‌ಗೆ ಹಕ್ಕು ಪಡೆದರು, ಜರ್ಮನ್ನರ ಫಿಲ್ಟರ್ ಕಾಫಿ ಆ ವಂಶದ್ದು. ನಮ್ಮಲ್ಲಿ ನೂರಕ್ಕೆ 49ರವರೆಗೆ ಚಿಕೋರಿ ಬೆರೆಸಲು ಕಾನೂನೇ ಬಿಡುತ್ತದೆ. ಅವರ ಕಣ್ಣಿಗೆ ನಮ್ಮದೇ ಕಲಬೆರಕೆ ಅನ್ನಿಸಬಹುದು! ಇಂಡಿಯನ್ ರೆಸ್ಟೋರೆಂಟ್‌ಗೆ ಮೂರು ತಿಂಗಳು ಹೋಗಬೇಡಿ ಅಂದೆ. ಆಮೇಲೆ ಹೋದರೆ ಇಟಾಲಿಯನ್ ಹೋಟೆಲಿಗೆ ಹೋದ ಹಾಗೆ ಹೋಗಿ. ಕೆನೆ ಸುರಿದ ಆ ಗ್ರೇವಿ ಹಾಸನದವರಿಗೆ ಊರಲ್ಲೂ ಮನೆ ಊಟವಾಗಿರಲಿಲ್ಲ.

ತಾಯಿಯ ಫೋನ್ ನಿಲ್ಲಿಸಿ ಅನ್ನಲಿಲ್ಲ. ಊಟ ಮುಗಿದ ಮೇಲೆ ಮಾಡಿ, ತಟ್ಟೆ ತೋರಿಸಬೇಡಿ ಅಂದೆ. "ಊಟ ತನ್ನಿಚ್ಛೆ, ನೋಟ ಪರರಿಚ್ಛೆ" ಅಂತಾರೆ. ಊಟವನ್ನೇ ಪರರ ನೋಟಕ್ಕೆ ಇಟ್ಟರೆ ಇನ್ನೇನಾಗುತ್ತದೆ?

ಲತಾ ಜೊತೆ ಒಬ್ಬರೇ ಇದ್ದಾಗ ಮಾತಾಡಿದೆ. ಅವರ ಸಿಟ್ಟು ನಿಮ್ಮ ಕೈ ರುಚಿಗೆ ಕೊಟ್ಟ ಅಂಕವಲ್ಲ, ಹಾಗಂತ ಸಹಿಸಿಕೊಂಡು ಕೂರುವ ಅಗತ್ಯವೂ ಇಲ್ಲ ಅಂದೆ. ಸಾರಿನ ಬೇಳೆ ಬದಲಾದ ದಿನ ಮೊದಲೇ ಹೇಳಿಬಿಡಿ, "ರೀ, ಇವತ್ತು ಮಸೂರ್ ಬೇಳೆ" ಅಂತ. ಮೊದಲೇ ಗೊತ್ತಿದ್ದರೆ ನಾಲಿಗೆ ತೊಗರಿಗೆ ಕಾಯುವುದಿಲ್ಲ. ಮಗಳ ಮುಂದೆ ಮಂಜು ತಪ್ಪೊಪ್ಪಿಕೊಳ್ಳಬೇಕು ಎಂದೂ ಗೊತ್ತುಮಾಡಿದೆವು. ಅದಕ್ಕೆ ಅವರು ಸ್ವಲ್ಪ ಕೊಸರಾಡಿದರು, ಆಮೇಲೆ ಮಾಡಿದರು.

ಕೊನೆಗೆ ಒಂದು ಮನೆಕೆಲಸ: ಹೊರದೇಶದಲ್ಲಿ ಇದ್ದು ಬಂದ ಜರ್ಮನ್ ಸಹೋದ್ಯೋಗಿ ಯಾರಾದರೂ ಇದ್ದರೆ ಊಟದ ಬಗ್ಗೆ ಕೇಳಿ ಬನ್ನಿ. ಇದು ನನ್ನ ಎಣಿಕೆಗಿಂತ ಚೆನ್ನಾಗಿ ಫಲಿಸಿತು. ಬೆಂಗಳೂರಿನಲ್ಲಿ ಎರಡು ವರ್ಷ ಇದ್ದ ಹಿರಿಯರೊಬ್ಬರು ಸಿಕ್ಕರು. ಮಸಾಲೆದೋಸೆ, ಬಿರಿಯಾನಿ, ಮಾವಿನಕಾಯಿ ಉಪ್ಪಿನಕಾಯಿ ಎಲ್ಲ ಅವರಿಗೆ ಪ್ರಾಣ. ಒಗ್ಗದೇ ಹೋದದ್ದು ಬ್ರೆಡ್! ಬೆಳಿಗ್ಗೆ ಬ್ರೆಡ್ ಕೇಳಿದರೆ ಇವರು ಸಿಹಿ ಕೇಕ್ ಕೊಡ್ತಾರೆ ಅಂತ ಹೆಂಡತಿ ಮೇಲೆ ರೇಗಾಡುತ್ತಿದ್ದರಂತೆ. ಮೂರು ಸಾವಿರಕ್ಕೂ ಹೆಚ್ಚು ಬಗೆಯ ಬ್ರೆಡ್ ದಾಖಲಾಗಿರುವ ದೇಶ ಅದು. ಬ್ರೆಡ್ಡಿನ ಪರಂಪರೆಯನ್ನು 2014ರಲ್ಲಿ ತಮ್ಮ ರಾಷ್ಟ್ರೀಯ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೂ ಸೇರಿಸಿಕೊಂಡಿದ್ದಾರೆ. "ನಮ್ಮ ಬೇಕರಿ ಬ್ರೆಡ್‌ಗೆ ಏನಾಗಿದೆ ಮೇಡಂ, ಚೆನ್ನಾಗೇ ಇರುತ್ತಲ್ಲ?" ಅಂತ ಮಂಜು ನನ್ನ ಹತ್ತಿರ ವಾದಕ್ಕೆ ಬಂದರು. ಅರ್ಧ ವಾದದಲ್ಲೇ ಅವರಿಗೆ ನಗು ಬಂತು.

ಈಗ ಮೊಸರಿನ ಜವಾಬ್ದಾರಿ ಪೂರ್ತಿ ಮಂಜು ಅವರದು. ಎರಡು ಸಲ ಕೆಟ್ಟಿತು, ಒಮ್ಮೆ ಓವನ್ ಆನ್ ಮಾಡಿ ಮೊಸರನ್ನೇ ಬೇಯಿಸಿಬಿಟ್ಟರು. ಮಗಳಿಗೆ ಅಪ್ಪನ ಹುಳಿ ಮೊಸರು ಬೇಡ, ಅವಳದು ಅಂಗಡಿಯ ಮಿಲ್ಡ್ ಡಬ್ಬಿಯೇ. ಮಸೂರ್ ಸಾರಿಗೆ ಅಂಕ ಎಂಟರಿಂದ ಮೂರಕ್ಕೆ ಇಳಿದಿದೆ. ಸೊನ್ನೆ ಆಗುವುದು ನನಗೂ ಅನುಮಾನ, ಆಗಬೇಕಾಗಿಯೂ ಇಲ್ಲ. ಬೇಸಿಗೆಗೆ ಮಂಜು ಅವರ ತಾಯಿ ಮೂರು ತಿಂಗಳ ವೀಸಾದಲ್ಲಿ ಬರುತ್ತಿದ್ದಾರೆ. ಸೂಟ್‌ಕೇಸಲ್ಲಿ ರಾಗಿಹಿಟ್ಟು, ಹುರುಳಿಕಾಳು, ಹುಣಸೆಹಣ್ಣು ಬರುವುದು ಖಾತ್ರಿ. ಅಲ್ಲಿನ ಹಾಲಿನಲ್ಲಿ ಕಾಫಿ ಕುಡಿದಾಗ ಅವರು ಏನನ್ನಬಹುದು ಎಂಬುದೂ ಹೆಚ್ಚುಕಮ್ಮಿ ಖಾತ್ರಿ. ಅದಕ್ಕೇ ಮೇ ತಿಂಗಳಲ್ಲಿ ಇನ್ನೊಂದು ಮಾತುಕತೆ ಇಟ್ಟುಕೊಂಡಿದ್ದೇವೆ. ಈ ಸಲ ತಾಯಿಯನ್ನೂ ಕಾಲ್‌ಗೆ ಕರೆಯಿರಿ ಅಂದಿದ್ದೇನೆ.