ಬ್ಯಾಂಕಾಕಿನಿಂದ ಪಿನಾಂಗಿಗೆ ನೆಲದ ದಾರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಥಾಯ್ಲೆಂಡಿನಿಂದ ಮಲೇಷ್ಯಾಕ್ಕೆ ವಿಮಾನ ಹತ್ತದೆ, ಬೆನ್ನುಚೀಲ ಹೊತ್ತು ಕರಾವಳಿಗುಂಟ ಸಾಗುವ ಪ್ರವಾಸದ ಬಗ್ಗೆ ಈ ತಿಂಗಳು ಹಲವು ಪತ್ರಗಳು ಬಂದಿವೆ. ಅವುಗಳಲ್ಲಿ ಆರನ್ನು ಆರಿಸಿಕೊಂಡು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಾನು ಮತ್ತು ನನ್ನ ಸ್ನೇಹಿತ ಜುಲೈ ತಿಂಗಳಲ್ಲಿ ಮೂರು ವಾರ ರಜೆ ಹಾಕಿ ಬ್ಯಾಂಕಾಕಿನಿಂದ ಪಿನಾಂಗಿನವರೆಗೆ ರೈಲು, ಬಸ್ಸು, ದೋಣಿಗಳಲ್ಲೇ ಹೋಗಬೇಕೆಂದಿದ್ದೇವೆ. ಕ್ರಾಬಿ, ಫಿ ಫಿ, ಕೊ ಲೀಪೆ ದ್ವೀಪಗಳನ್ನು ನೋಡಿಕೊಂಡು, ಅಲ್ಲಿಂದ ದೋಣಿಯಲ್ಲಿ ಮಲೇಷ್ಯಾದ ಲಂಕಾವಿ ದ್ವೀಪಕ್ಕೆ ದಾಟುವ ಯೋಜನೆ ಸರಿಯಾಗಿದೆಯೇ?
— ಓದುಗರೊಬ್ಬರು, ಕುಂದಾಪುರ

ಉತ್ತರ: ಯೋಜನೆ ಚೆನ್ನಾಗಿದೆ, ತಿಂಗಳು ಮಾತ್ರ ತಪ್ಪಾಗಿದೆ. ಕುಂದಾಪುರದವರಾದ ನಿಮಗೆ ಜುಲೈ ತಿಂಗಳ ಕಡಲು ಹೇಗಿರುತ್ತದೆಂದು ನಾನು ವಿವರಿಸಬೇಕಾಗಿಲ್ಲ. ನಿಮ್ಮೂರಿನಲ್ಲಿ ದೋಣಿಗಳನ್ನು ದಡಕ್ಕೆ ಎಳೆದಿಡುವಂತೆ ಮಾಡುವ ನೈಋತ್ಯ ಮಾರುತವೇ ಬಂಗಾಳ ಕೊಲ್ಲಿಯನ್ನೂ ಅಂಡಮಾನ್ ಸಮುದ್ರವನ್ನೂ ದಾಟಿ ಥಾಯ್ಲೆಂಡಿನ ಪಶ್ಚಿಮ ಕರಾವಳಿಗೆ ಅಪ್ಪಳಿಸುತ್ತದೆ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ರನೋಂಗ್, ಫುಕೆಟ್, ಕ್ರಾಬಿ, ಟ್ರಾಂಗ್, ಸತುನ್ ಈ ಎಲ್ಲ ಕಡೆಯೂ ಮಳೆಗಾಲ. ಸಿಮಿಲಾನ್ ಮತ್ತು ಸುರಿನ್ ದ್ವೀಪಗಳ ರಾಷ್ಟ್ರೀಯ ಉದ್ಯಾನಗಳು ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಪ್ರವಾಸಿಗರಿಗೆ ಮುಚ್ಚಿರುತ್ತವೆ. ನೀವು ಹೇಳಿದ ಕೊ ಲೀಪೆ–ಲಂಕಾವಿ ದೋಣಿಯೂ ಒಣ ಋತುವಿನಲ್ಲಿ ಮಾತ್ರ ಓಡುತ್ತದೆ. ಅದನ್ನೇ ನಂಬಿಕೊಂಡು ಜುಲೈನಲ್ಲಿ ಹೊರಟರೆ ನಿಮ್ಮ ಗಡಿ ದಾಟುವಿಕೆ ಕಾಗದದ ಮೇಲೆಯೇ ಉಳಿಯುತ್ತದೆ.

ಆದರೆ ಈ ಪರ್ಯಾಯ ದ್ವೀಪಕ್ಕೆ ಎರಡು ಕರಾವಳಿಗಳಿವೆ. ಮಂಗಳೂರಿನಲ್ಲಿ ಜುಲೈ ಮಳೆ ಸುರಿಯುವಾಗ ಚೆನ್ನೈ ಒಣಗಿರುತ್ತದಲ್ಲ, ಇಲ್ಲಿಯೂ ಹಾಗೆಯೇ. ಪೂರ್ವದ ಥಾಯ್ಲೆಂಡ್ ಕೊಲ್ಲಿಯ ಕಡೆ ಜುಲೈನಲ್ಲಿ ಮಳೆ ಕಡಿಮೆ, ಕಡಲೂ ಶಾಂತ. ಅಲ್ಲಿ ದೊಡ್ಡ ಮಳೆ ಬರುವುದು ಅಕ್ಟೋಬರ್ ನಂತರ, ಈಶಾನ್ಯ ಮಾರುತ ಬೀಸತೊಡಗಿದ ಮೇಲೆ. 2025ರ ನವೆಂಬರ್ ಕೊನೆಯಲ್ಲಿ ಹಾತ್ ಯಾಯ್ ನಗರ ಮುಳುಗಿದ್ದು ಇದೇ ಋತುವಿನ ಮಳೆಯಿಂದ. ಹೀಗಾಗಿ ಜುಲೈ ಬಿಡಲಾಗದಿದ್ದರೆ ಕರಾವಳಿಯನ್ನು ಬದಲಿಸಿಕೊಳ್ಳಿ. ಬ್ಯಾಂಕಾಕಿನಿಂದ ರೈಲಿನಲ್ಲಿ ಮೊದಲು ಪ್ರಚುವಾಪ್ ಖಿರಿ ಖಾನ್‌ನಲ್ಲಿ ಇಳಿಯಿರಿ. ಪ್ರವಾಸಿಗರ ಗದ್ದಲವಿಲ್ಲದ ಈ ಪಟ್ಟಣದ ಸಮೀಪದಲ್ಲಿಯೇ ಥಾಯ್ಲೆಂಡ್ ಅತ್ಯಂತ ಕಿರಿದಾಗುತ್ತದೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಹದಿನೈದು ಕಿ.ಮೀ. ಕೂಡ ಇಲ್ಲದ ದೂರದಲ್ಲಿ ಮ್ಯಾನ್ಮಾರ್ ಗಡಿ. ಅಲ್ಲಿಂದ ಚುಂಫೋನ್, ಚುಂಫೋನ್‌ನಿಂದ ದೋಣಿಯಲ್ಲಿ ಕೊ ತಾವೊ, ಮತ್ತೆ ನೆಲಕ್ಕೆ ಬಂದು ಸೂರತ್ ಥಾನಿ, ನಖೋನ್ ಸಿ ಥಮ್ಮರಾತ್, ಸೋಂಗ್‌ಖ್ಲಾ, ಹಾತ್ ಯಾಯ್. ಸೂರತ್ ಥಾನಿ ಎಂಬ ಹೆಸರು ನಮ್ಮ ಗುಜರಾತಿನ ಸೂರತ್ ನಗರದಿಂದಲೇ ಹೋದದ್ದು. 1915ರಲ್ಲಿ ರಾಜ ಆರನೆಯ ರಾಮ ಈ ಹೆಸರಿಟ್ಟ.

ಒಂದು ಮಾತನ್ನು ಪ್ರಾಸಂಗಿಕವಾಗಿ ಸೇರಿಸುತ್ತೇನೆ. ಋತು ನೋಡಿ ಕರಾವಳಿ ಆರಿಸುವುದು ಇಲ್ಲಿ ಸಾವಿರ ವರ್ಷಗಳಿಗೂ ಹಳೆಯ ರೂಢಿ. ಪಶ್ಚಿಮ ತೀರದ ತಕುವಾ ಪಾದಲ್ಲಿ ಮಣಿಗ್ರಾಮವೆಂಬ ವರ್ತಕ ಸಂಘವನ್ನು ಹೆಸರಿಸುವ ಒಂಬತ್ತನೆಯ ಶತಮಾನದ ತಮಿಳು ಶಾಸನ ಸಿಕ್ಕಿದೆ. ಐಹೊಳೆಯನ್ನು ಮೂಲಸ್ಥಾನವಾಗಿ ಹೇಳಿಕೊಳ್ಳುತ್ತಿದ್ದ ಐನೂರ್ವರೆಂಬ ವರ್ತಕ ಸಂಘದ ಶಾಸನವೊಂದು ಇನ್ನೂ ದಕ್ಷಿಣಕ್ಕೆ, ಸುಮಾತ್ರಾದ ಬಾರುಸ್‌ನಲ್ಲಿ ದೊರೆತಿದ್ದು, ಅದರ ಕಾಲ ಕ್ರಿ.ಶ. 1088. ಅವರೆಲ್ಲರೂ ಗಾಳಿ ತಿರುಗುವವರೆಗೆ ಬಂದರಿನಲ್ಲಿ ತಿಂಗಳುಗಟ್ಟಲೆ ಕಾದವರು. ನಿಮಗಿರುವುದು ಮೂರೇ ವಾರವಾದ್ದರಿಂದ ಗಾಳಿಗೆ ನೀವೇ ಹೊಂದಿಕೊಳ್ಳಬೇಕು. ಕ್ರಾಬಿಯನ್ನು ನೋಡಲೇಬೇಕೆಂದಿದ್ದರೆ ಡಿಸೆಂಬರ್ ನಡುವಿನಿಂದ ಮಾರ್ಚ್‌ವರೆಗಿನ ಅವಧಿಗೆ ರಜೆ ಕೇಳಿ.

ಪ್ರಶ್ನೆ: ನಮ್ಮಿಬ್ಬರಿಗೂ ವಿಮಾನ ನಿಲ್ದಾಣದ ವಲಸೆ ತಪಾಸಣೆ ಮಾತ್ರ ಗೊತ್ತು. ರೈಲಿನಲ್ಲಿ ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವಾಗ ಏನೇನು ನಡೆಯುತ್ತದೆ? ವೀಸಾ ಮೊದಲೇ ಬೇಕೆ?
— ನಿವೃತ್ತ ಶಿಕ್ಷಕ ದಂಪತಿ, ದಾವಣಗೆರೆ

ಉತ್ತರ: ನೆಲದ ಗಡಿಗಳಲ್ಲಿ ಮೊದಲ ಬಾರಿ ದಾಟುವವರಿಗೆ ಪಾಡಾಂಗ್ ಬೆಸಾರ್‌ಗಿಂತ ಸುಲಭವಾದದ್ದು ಈ ಭಾಗದಲ್ಲಿಲ್ಲ. ಮಲಯ ಭಾಷೆಯಲ್ಲಿ ಈ ಹೆಸರಿಗೆ ‘ದೊಡ್ಡ ಬಯಲು’ ಎಂದರ್ಥ. ರೈಲು ನಿಲ್ದಾಣ ಮಲೇಷ್ಯಾದ ನೆಲದಲ್ಲಿದ್ದರೂ ಎರಡೂ ದೇಶಗಳ ವಲಸೆ ಕಚೇರಿಗಳು ಅದೇ ಕಟ್ಟಡದಲ್ಲಿವೆ. ರೈಲಿನಿಂದ ಸಾಮಾನು ಸಮೇತ ಇಳಿದು, ಮೊದಲು ಥಾಯ್ಲೆಂಡಿನ ನಿರ್ಗಮನ ಮುದ್ರೆ ಹಾಕಿಸಿಕೊಂಡು, ಕೆಲವೇ ಹೆಜ್ಜೆ ನಡೆದು ಮಲೇಷ್ಯಾದ ಕಿಟಕಿಯೆದುರು ನಿಲ್ಲುತ್ತೀರಿ. ಅಲ್ಲಿ ಮುದ್ರೆ ಬಿದ್ದ ಮೇಲೆ ಸುಂಕದವರು ಚೀಲ ನೋಡುತ್ತಾರೆ, ಅಷ್ಟೇ. ಮುದ್ರೆಯ ದಿನಾಂಕವನ್ನು ಕಿಟಕಿಯ ಮುಂದೆ ನಿಂತಿರುವಾಗಲೇ ಓದಿಕೊಳ್ಳಿ. ಒಂದು ಮುದ್ರೆ ತಪ್ಪಿಹೋಗಿದ್ದರೂ ಅದು ಬೆಳಕಿಗೆ ಬರುವುದು ದೇಶ ಬಿಡುವ ದಿನ, ವಿಮಾನದ ಹೊತ್ತಾದಾಗ.

ಬ್ಯಾಂಕಾಕಿನ ಕ್ರುಂಗ್ ಥೆಪ್ ಅಪಿವಾತ್ ನಿಲ್ದಾಣದಿಂದ ಮಧ್ಯಾಹ್ನದ ಕೊನೆಗೆ ಹೊರಡುವ 45ನೇ ಸಂಖ್ಯೆಯ ರೈಲು ಮರುದಿನ ಬೆಳಿಗ್ಗೆ ಪಾಡಾಂಗ್ ಬೆಸಾರ್ ತಲುಪುತ್ತದೆ. ಹಳೆಯ ಮಾರ್ಗದರ್ಶಿ ಪುಸ್ತಕಗಳಲ್ಲಿ ಹುವಾ ಲಂಫೋಂಗ್ ನಿಲ್ದಾಣವೆಂದಿರುತ್ತದೆ. ದೂರದ ರೈಲುಗಳು 2023ರ ಜನವರಿಯಲ್ಲೇ ಅಲ್ಲಿಂದ ಹೊಸ ನಿಲ್ದಾಣಕ್ಕೆ ಹೋಗಿವೆ. ಈ ರೈಲಿನ ಗುಟ್ಟೊಂದಿದೆ. ಅದು ಸುಂಗೈ ಕೋಲೋಕ್‌ಗೆ ಹೋಗುವ 37ನೇ ರೈಲಿನೊಂದಿಗೆ ಕೂಡಿಕೊಂಡೇ ಹಾತ್ ಯಾಯ್‌ವರೆಗೆ ಬಂದು, ಅಲ್ಲಿ ಬೇರ್ಪಡುತ್ತದೆ. ಬೆಳಗಿನ ಜಾವ ಎಚ್ಚರವಾದಾಗ ನಿಮ್ಮ ಹಿಂದೆ ಇದ್ದ ಉದ್ದನೆಯ ರೈಲು ಮಾಯವಾಗಿ, ಇಂಜಿನ್ನಿನ ಬೆನ್ನಿಗೆ ಎರಡೇ ಡಬ್ಬಿಗಳು ಉಳಿದಿರುವುದನ್ನು ನೋಡಿ ಗಾಬರಿಯಾಗಬೇಡಿ. ಆದರೆ ಹರಟೆಗೆಂದು ಬೇರೆ ಡಬ್ಬಿಗೆ ಹೋಗಿ ಅಲ್ಲೇ ಮಲಗಿದವರು ಇನ್ನೊಂದು ದಿಕ್ಕಿಗೆ ಹೋಗಿಬಿಡುತ್ತಾರೆ. ಹಾಗಾಗಿ ಟಿಕೆಟ್ಟಿನಲ್ಲಿರುವ ಡಬ್ಬಿಯ ಸಂಖ್ಯೆಯಲ್ಲೇ ಇರಿ. ವಯಸ್ಸಾದವರು ಎರಡನೇ ದರ್ಜೆಯಲ್ಲಿ ಕೆಳಗಿನ ಬರ್ತನ್ನೇ ಕೇಳಿ ಪಡೆಯಬೇಕು. ಅದು ಮೇಲಿನದಕ್ಕಿಂತ ಅಗಲ, ಕಿಟಕಿಯೂ ಅದಕ್ಕೇ ಸೇರಿದ್ದು. ಕತ್ತಲಾಗುವ ಹೊತ್ತಿಗೆ ರೈಲಿನ ನೌಕರರೇ ಬಂದು ಸೀಟುಗಳನ್ನು ಎಳೆದು ಹಾಸಿಗೆ ಹಾಸಿ, ಪರದೆ ಬಿಟ್ಟು ಹೋಗುತ್ತಾರೆ. ನಮ್ಮಲ್ಲಿ ಬಹುತೇಕ ಮಾಯವಾಗಿರುವ ಮೀಟರ್ ಗೇಜ್ ಇಲ್ಲಿ ಎರಡೂ ದೇಶಗಳ ಮುಖ್ಯ ಹಳಿ. ಅರಸೀಕೆರೆ–ಮೈಸೂರು ರೈಲಿನ ಹಳೆಯ ತೂಗಾಟವನ್ನು ಬಲ್ಲವರಿಗೆ ಆ ರಾತ್ರಿ ಒಳ್ಳೆಯ ನಿದ್ದೆ ಬರಬಹುದು.

ವೀಸಾದ ವಿಷಯ. ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನಗಳ ವೀಸಾರಹಿತ ಪ್ರವೇಶ ಕೊಡುತ್ತಿದ್ದು, ಈ ಸೌಲಭ್ಯವನ್ನು 2026ರ ಡಿಸೆಂಬರ್ 31ರವರೆಗೆ ವಿಸ್ತರಿಸಿದೆ. ಥಾಯ್ಲೆಂಡ್ 2024ರ ಜುಲೈಯಲ್ಲಿ ತನ್ನ ವೀಸಾರಹಿತ ಪ್ರವೇಶದ ಅವಧಿಯನ್ನು 60 ದಿನಗಳಿಗೆ ಏರಿಸಿತು; ಅದನ್ನು ಇಳಿಸುವ ಮಾತು ಅಲ್ಲಿ ಮತ್ತೆ ಮತ್ತೆ ಕೇಳಿಬರುವುದರಿಂದ, ವಿಮಾನದ ಟಿಕೆಟ್ ಕೊಳ್ಳುವ ದಿನ ರಾಯಭಾರ ಕಚೇರಿಯ ಪ್ರಕಟಣೆಯನ್ನು ಒಮ್ಮೆ ನೋಡಿಕೊಳ್ಳುವುದು ಕಡ್ಡಾಯವೆಂದೇ ತಿಳಿಯಿರಿ. ವೀಸಾ ಬೇಡವೆಂದ ಮಾತ್ರಕ್ಕೆ ಅರ್ಜಿಯೇ ಬೇಡವೆಂದಲ್ಲ. ಎರಡೂ ದೇಶಗಳು ಡಿಜಿಟಲ್ ಆಗಮನ ಪತ್ರ ಕೇಳುತ್ತವೆ: ಮಲೇಷ್ಯಾ 2024ರ ಜನವರಿಯಿಂದ, ಥಾಯ್ಲೆಂಡ್ 2025ರ ಮೇ ತಿಂಗಳಿಂದ. ಎರಡನ್ನೂ ಪ್ರವೇಶಕ್ಕೆ ಮುಂಚಿನ ಮೂರು ದಿನಗಳೊಳಗೆ ಭರ್ತಿ ಮಾಡಬೇಕು. ಎರಡೂ ಉಚಿತ, ಹಣ ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ. ಮಲೇಷ್ಯಾದ ಪತ್ರವನ್ನು ಥಾಯ್ಲೆಂಡಿನಲ್ಲಿರುವಾಗಲೇ ತುಂಬಬೇಕಾಗುತ್ತದೆ. ನೆಲದ ದಾರಿಯವರು ಮರೆಯುವುದು ಇದನ್ನೇ. ಪಾಸ್‌ಪೋರ್ಟಿನ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಲಿ. ಮರಳುವ ವಿಮಾನ ಕೌಲಾಲಂಪುರದಿಂದ ಎಂದಾದರೆ ಬೆಂಗಳೂರಿನ ಚೆಕ್-ಇನ್ ಕೌಂಟರಿನಲ್ಲಿ ‘ಥಾಯ್ಲೆಂಡಿನಿಂದ ಹೊರಡುವ ಟಿಕೆಟ್ ಎಲ್ಲಿ?’ ಎಂಬ ಪ್ರಶ್ನೆ ಬರಬಹುದು. ರೈಲಿನ ಟಿಕೆಟ್ಟನ್ನೂ ಮರಳುವ ವಿಮಾನದ ಟಿಕೆಟ್ಟನ್ನೂ ಮುದ್ರಿಸಿ ಕೈಯಲ್ಲಿಟ್ಟುಕೊಂಡಿರಿ.

ಗಡಿ ದಾಟಿದೊಡನೆ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಬೇಕು. ಅದೇ ನಿಲ್ದಾಣದಿಂದ ಹೊರಡುವ ವಿದ್ಯುತ್ ಕಮ್ಯೂಟರ್ ರೈಲು ಸುಮಾರು ಎರಡು ಗಂಟೆಯಲ್ಲಿ ಬಟರ್‌ವರ್ತ್ ತಲುಪಿಸುತ್ತದೆ. ಬಟರ್‌ವರ್ತ್‌ನ ಕಡವಿನಿಂದ ಪಿನಾಂಗಿನ ಜಾರ್ಜ್ ಟೌನ್‌ಗೆ ದೋಣಿಯಲ್ಲಿ ಹದಿನೈದು ನಿಮಿಷದ ಹಾದಿ.

ಪ್ರಶ್ನೆ: ಹಾತ್ ಯಾಯ್‌ನಿಂದ ಪೂರ್ವ ಕರಾವಳಿಗುಂಟವೇ ಮುಂದುವರಿದು, ಪಟ್ಟಾನಿ, ನರಾಥಿವಾತ್ ಮೂಲಕ ಮಲೇಷ್ಯಾದ ಕೆಲಾಂತನ್‌ಗೆ ದಾಟಿದರೆ ಹೇಗೆ? ಆ ಭಾಗಕ್ಕೆ ಪ್ರವಾಸಿಗರೇ ಹೋಗುವುದಿಲ್ಲವೆಂದು ಕೇಳಿದ್ದೇನೆ.
— ಓದುಗರೊಬ್ಬರು, ಬೆಂಗಳೂರು

ಉತ್ತರ: ಹೋಗದಿರುವುದಕ್ಕೆ ಕಾರಣವಿದೆ. ಪಟ್ಟಾನಿ, ಯಾಲಾ, ನರಾಥಿವಾತ್ ಮತ್ತು ಸೋಂಗ್‌ಖ್ಲಾದ ಕೆಲವು ತಾಲ್ಲೂಕುಗಳಲ್ಲಿ 2004ರಿಂದ ಸಶಸ್ತ್ರ ಬಂಡಾಯ ನಡೆಯುತ್ತಿದೆ. ಬಾಂಬ್ ದಾಳಿಗಳು ನಿಂತಿಲ್ಲ, ರೈಲು ಹಳಿಗಳೂ ಗುರಿಯಾಗಿವೆ. ಅಲ್ಲಿ ಬದುಕುವ ಮಲಯ ಮುಸ್ಲಿಮರ ಊರುಗಳು, ಮಸೀದಿಗಳು, ಮೀನುಗಾರರ ಬಣ್ಣದ ದೋಣಿಗಳು ಸುಂದರವೆಂಬುದು ನಿಜ. ಆದರೂ ಪ್ರವಾಸ ವಿಮೆ ಹಲವೊಮ್ಮೆ ಅನ್ವಯಿಸದ ಪ್ರದೇಶಕ್ಕೆ ಹೋಗಿರೆಂದು ನಾನು ಬರೆಯಲಾರೆ.

ಪ್ರಶ್ನೆ: ನಾನು ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿ. ಥಾಯ್ಲೆಂಡಿನಲ್ಲಿ ಬಿಸ್ಕತ್ತು, ಬಾಳೆಹಣ್ಣಿನ ಮೇಲೆ ಬದುಕಬೇಕಾಗುತ್ತದೆಯೇ?
— ಓದುಗರೊಬ್ಬರು, ಶಿರಸಿ

ಉತ್ತರ: ಒಂದು ಪದ ಕಲಿತರೆ ಸಾಕು: ‘ಜೇ’. ಚೀನೀ ಮೂಲದ ಬೌದ್ಧ ವ್ರತದ ಅಡುಗೆಗೆ ಈ ಹೆಸರು. ಅದರಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಇಲ್ಲ. ನಿಮ್ಮ ಮನೆಯ ಶ್ರಾದ್ಧದ ಅಡುಗೆಯಂತೆ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಇಂಥ ಅಂಗಡಿಯ ಮುಂದೆ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರವಿರುತ್ತದೆ, ಥಾಯ್ ಲಿಪಿ ಓದಲು ಬಾರದವರಿಗೆ ಅದು 17 ಎಂಬ ಅಂಕೆಯಂತೆ ಕಾಣುತ್ತದೆ. ಟ್ರಾಂಗ್, ಫುಕೆಟ್‌ಗಳಲ್ಲಿ ಚೀನೀ ಚಾಂದ್ರಮಾನದ ಒಂಬತ್ತನೆಯ ತಿಂಗಳ ಒಂಬತ್ತು ದಿನ, ಸಾಮಾನ್ಯವಾಗಿ ಅಕ್ಟೋಬರಿನಲ್ಲಿ, ಬೀದಿ ಬೀದಿಯೇ ಹಳದಿಯಾಗಿಬಿಡುತ್ತದೆ. ತಟ್ಟೆಯಲ್ಲಿ ಬಾತುಕೋಳಿಯ ತುಂಡಿನಂತೆ ಕಾಣುವುದು ಗೋಧಿಯ ಅಂಟಿನದೋ ಸೋಯಾದ್ದೋ ಆಗಿರುತ್ತದೆ, ಹೆದರಬೇಡಿ.

‘ಜೇ’ ಎನ್ನದೆ ಬರೀ ‘ಮಾಂಸ ಬೇಡ’ ಎಂದರೆ ಸಾಲದು. ಮೀನಿನ ರಸವಾದ ನಾಮ್ ಪ್ಲಾ ಅಲ್ಲಿ ಉಪ್ಪಿನ ಬದಲಿಗೆ ಬೀಳುತ್ತದೆ. ಹಸಿ ಪಪ್ಪಾಯದ ಕೋಸಂಬರಿಯಂಥ ಸೋಮ್ ತಾಮ್‌ಗೂ ಒಣ ಸೀಗಡಿ ಹಾಕಿ ಕುಟ್ಟುತ್ತಾರೆ. ರೈಲು ನಿಲ್ದಾಣಗಳಲ್ಲಿ ಬಾಳೆಎಲೆಯಲ್ಲಿ ಸುತ್ತಿ ನಾರಿನಿಂದ ಕಟ್ಟಿದ ‘ಖಾವ್ ತೋಮ್ ಮಾತ್’ ಸಿಗುತ್ತದೆ. ಬಿಚ್ಚಿದರೆ ತೆಂಗಿನ ಹಾಲಿನಲ್ಲಿ ಬೆಂದ ಅಂಟಕ್ಕಿ, ನಡುವೆ ಕೆಂಪಗಾದ ಬಾಳೆಹಣ್ಣು, ನಾಲ್ಕು ಕಪ್ಪು ಕಾಳು. ನಮ್ಮ ಎಲೆಗಡುಬಿನ ದಾಯಾದಿಯಂತಿರುವ ಇದನ್ನು ನಾನು ಆ ದಾರಿಯಲ್ಲಿ ಎಷ್ಟು ತಿಂದಿದ್ದೇನೋ ಲೆಕ್ಕವಿಲ್ಲ. ಪಿನಾಂಗ್ ತಲುಪಿದ ಮೇಲೆ ಚಿಂತೆಯಿಲ್ಲ. ಅಲ್ಲಿನ ಲಿಟಲ್ ಇಂಡಿಯಾದಲ್ಲಿ ‘ತೋಸೈ’ ಎಂದು ಬರೆದಿರುವುದು ನಮ್ಮ ದೋಸೆಯೇ.

ಪ್ರಶ್ನೆ: ದ್ವೀಪದಿಂದ ಪಿನಾಂಗಿನ ಹೋಟೆಲ್ ಬಾಗಿಲಿನವರೆಗೆ ಒಂದೇ ಟಿಕೆಟ್ಟಿನಲ್ಲಿ ಕರೆದೊಯ್ಯುವ ವ್ಯಾನುಗಳಿವೆಯಂತೆ. ನಂಬಬಹುದೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಬಹುಪಾಲು ನಂಬಬಹುದು; ಆದರೆ ನಾನು ಮೋಸಹೋದದ್ದು ಅಂಥದ್ದರಲ್ಲೇ. ಕಡಲತೀರದ ಊರೊಂದರ ಏಜೆಂಟರಿಂದ ಟಿಕೆಟ್ ಕೊಂಡೆ. ನಡುದಾರಿಯಲ್ಲಿ ವ್ಯಾನ್ ಬದಲಾಯಿಸಿ ನಮ್ಮನ್ನು ಒಂದು ಅಂಗಡಿಯಲ್ಲಿ ಕೂರಿಸಿದರು. ಮೇಜಿನ ಹಿಂದಿದ್ದ ಮಹಿಳೆ ಅತ್ಯಂತ ವಿನಯದಿಂದ ಒಂದು ಚೀಟಿ ಮುಂದಿಟ್ಟು, ‘ಗಡಿ ಶುಲ್ಕ’ವೆಂದು ತಲೆಗೆ 200 ಬಾತ್ ಕೇಳಿದರು. ಹಾಗೊಂದು ಶುಲ್ಕವಿಲ್ಲವೆಂದು ಗೊತ್ತಿದ್ದೂ, ವ್ಯಾನ್ ಬಿಟ್ಟುಹೋದೀತೆಂಬ ಭಯಕ್ಕೆ ಕೊಟ್ಟೆ. ನನ್ನ ಪಕ್ಕದಲ್ಲಿದ್ದ ಯುವತಿಯೊಬ್ಬಳು ‘ರಸೀದಿ ಕೊಡಿ, ಗಡಿಯಲ್ಲಿ ತೋರಿಸುತ್ತೇನೆ’ ಎಂದು ನಗುತ್ತಲೇ ಕೂತಳು. ಅವಳಿಂದ ಒಂದು ಬಾತ್ ಕೂಡ ಯಾರೂ ಪಡೆಯಲಿಲ್ಲ. ಅಂದಿನಿಂದ ನಾನು ಟಿಕೆಟ್ಟನ್ನು ಹಾತ್ ಯಾಯ್‌ವರೆಗೆ ಮಾತ್ರ ಕೊಂಡು, ಮುಂದಿನ ಗಡಿಯನ್ನು ರೈಲಿನಲ್ಲೇ ದಾಟುತ್ತೇನೆ. ಹಾತ್ ಯಾಯ್–ಪಾಡಾಂಗ್ ಬೆಸಾರ್ ನಡುವಿನ ಚಿಕ್ಕ ಷಟಲ್ ರೈಲು ಒಂದು ಗಂಟೆಯಲ್ಲಿ ತಲುಪಿಸುತ್ತದೆ.

ಹಣದ ಬಗ್ಗೆ ಇನ್ನೆರಡು ಮಾತು. ಥಾಯ್ಲೆಂಡಿನ ಎಟಿಎಂಗಳು ವಿದೇಶಿ ಕಾರ್ಡಿಗೆ ಪ್ರತಿ ಸಲ 220 ಬಾತ್ ಅಥವಾ ಅದಕ್ಕೂ ಹೆಚ್ಚು ಹಿಡಿದುಕೊಳ್ಳುತ್ತವೆ. ಆದ್ದರಿಂದ ಸಣ್ಣ ಮೊತ್ತವನ್ನು ಹಲವು ಬಾರಿ ತೆಗೆಯಬೇಡಿ. ಮಲೇಷ್ಯಾದ ಹಣವಾದ ರಿಂಗಿಟ್ ನೋಟುಗಳನ್ನು ಒಂದಿಷ್ಟು ಹಾತ್ ಯಾಯ್‌ನಲ್ಲೇ ಬದಲಿಸಿ ಪಡೆದುಕೊಳ್ಳಿ.

ಪ್ರಶ್ನೆ: ಚೀಲದಲ್ಲಿ ಏನು ಇರಬೇಕು, ಏನು ಇರಬಾರದು?
— ಪದವಿ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಇರಬಾರದ್ದನ್ನು ಮೊದಲು ಹೇಳುತ್ತೇನೆ. ಇ-ಸಿಗರೇಟು ಥಾಯ್ಲೆಂಡಿನಲ್ಲಿ ನಿಷಿದ್ಧ. ಗಾಂಜಾ ಅಲ್ಲಿ 2022ರಲ್ಲಿ ಮಾದಕ ವಸ್ತುಗಳ ಪಟ್ಟಿಯಿಂದ ಹೊರಬಂದು, 2025ರಲ್ಲಿ ಮತ್ತೆ ವೈದ್ಯರ ಚೀಟಿಯ ಮಿತಿಗೆ ಒಳಪಟ್ಟಿತು; ಆದರೂ ಅದರ ಅಂಗಡಿಗಳು ಕಣ್ಣಿಗೆ ಬೀಳಬಹುದು. ಅಲ್ಲಿ ಕೊಂಡ ಸಣ್ಣ ಪೊಟ್ಟಣ, ಗಾಂಜಾ ಬೆರೆಸಿದ ಬಿಸ್ಕತ್ತು ಕೂಡ, ಮರೆತು ಚೀಲದಲ್ಲಿ ಉಳಿದು ಪಾಡಾಂಗ್ ಬೆಸಾರ್ ದಾಟಿದರೆ, ಮಾದಕ ವಸ್ತು ಸಾಗಣೆಗೆ ಇಂದಿಗೂ ಮರಣದಂಡನೆ ವಿಧಿಸಬಹುದಾದ ದೇಶದೊಳಗೆ ಕಾಲಿಟ್ಟಂತಾಗುತ್ತದೆ. ಬೇರೆಯವರ ಚೀಲವನ್ನು ‘ಒಂದು ನಿಮಿಷ ಹಿಡಿದುಕೊಳ್ಳಿ’ ಎಂದರೂ ಹಿಡಿಯಬೇಡಿ.

ಇರಬೇಕಾದದ್ದು ಕಡಿಮೆ. ಒಟ್ಟು ತೂಕ ಏಳು ಕಿಲೋ ಮೀರದಿದ್ದರೆ ಅಗ್ಗದ ವಿಮಾನಗಳಲ್ಲಿ ಕೈಚೀಲವಾಗಿಯೇ ಒಯ್ಯಬಹುದು. ಜೀನ್ಸ್ ಬೇಡ, ಆ ಸೆಕೆಯಲ್ಲಿ ಒಮ್ಮೆ ನೆನೆದರೆ ಎರಡು ದಿನ ಒಣಗುವುದಿಲ್ಲ. ಒಂದು ಹತ್ತಿಯ ಲುಂಗಿ ಇಟ್ಟುಕೊಳ್ಳಿ: ಸ್ನಾನಕ್ಕೆ, ರೈಲಿನ ಎಸಿಯಲ್ಲಿ ಹೊದೆಯುವುದಕ್ಕೆ, ಬೌದ್ಧ ದೇವಾಲಯಗಳಲ್ಲಿ ಚಡ್ಡಿಯ ಮೇಲೆ ಸುತ್ತಿಕೊಳ್ಳುವುದಕ್ಕೆ ಅದೊಂದೇ ಸಾಕು. ಮನೆಯಲ್ಲಿ ಮರೆತು ಬಂದರೂ ಪರವಾಗಿಲ್ಲ. ದಕ್ಷಿಣ ಥಾಯ್ಲೆಂಡಿನ ಸಂತೆಗಳಲ್ಲಿ ಚೌಕುಳಿಯ ಲುಂಗಿಗಳನ್ನು ರಾಶಿ ಹಾಕಿ ಮಾರುತ್ತಾರೆ.