ಪ್ರತಿಕ್ರಿಯೆ: ಸಂಜೆ ಕೋರ್ಸಿನ ವಿಭಾಗದಿಂದ ವಿಶ್ವವಿದ್ಯಾಲಯಕ್ಕೆ ಏನು ಲಾಭ?

ಮುಂದುವರಿಕೆ ಶಿಕ್ಷಣ ವಿಭಾಗ ಅಂದ್ರೆ ಸಂಜೆ ಸರ್ಟಿಫಿಕೇಟ್ ಕೋರ್ಸು ಮಾತ್ರ ತಾನೆ, ವಿಶ್ವವಿದ್ಯಾಲಯ ಬದಲಾಗೋದಕ್ಕೂ ಅದಕ್ಕೂ ಏನು ಸಂಬಂಧ ಅಂತ ಕೇಳಿದ್ದೀರಿ. ಸಂಬಂಧ ಜಾಸ್ತಿನೇ ಇದೆ. ಡಿಗ್ರಿಯ ಸಿಲೆಬಸ್ ಬದಲಿಸಬೇಕಾದರೆ ಸಿಲೆಬಸ್ ರೂಪಿಸುವ ಬೋರ್ಡ್ ಆಫ್ ಸ್ಟಡೀಸ್, ಅದಕ್ಕೆ ಒಪ್ಪಿಗೆ ಕೊಡುವ ಅಕಾಡೆಮಿಕ್ ಕೌನ್ಸಿಲ್ ಎಲ್ಲ ದಾಟಬೇಕು, ಅಷ್ಟರಲ್ಲಿ ಒಂದು ಬ್ಯಾಚೇ ಹೊರಗೆ ಹೋಗಿರುತ್ತದೆ. ಮೂರು ತಿಂಗಳ ಕೋರ್ಸನ್ನು ಬೇಗ ಶುರು ಮಾಡಬಹುದು. ಮೊದಲು ಅಲ್ಲಿ ಕಲಿಸಿ ನೋಡಿ, ಜನ ಬಂದರೆ ಡಿಗ್ರಿಗೆ ತನ್ನಿ.

ನಮ್ಮ ಕಾಸರಗೋಡನ್ನೇ ನೋಡಿ. ಎಷ್ಟೋ ಕಚೇರಿಗಳಲ್ಲಿ ಫಾರ್ಮ್ ಮಲಯಾಳದಲ್ಲಿ, ಅರ್ಜಿ ಹಿಡಿದು ಬಂದ ಕುಂಬಳೆಯ ಅಜ್ಜನಿಗೆ ಓದಲು ಬರುವುದು ಕನ್ನಡ, ಕೌಂಟರಿನಲ್ಲಿ ಕೂತವರು ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದವರು. ಇವರಿಗೆ ಸಂಜೆ ಹೊತ್ತು ಅರ್ಜಿ, ನೋಟಿಸು, ತೆರಿಗೆ ರಸೀದಿ ಇಟ್ಟುಕೊಂಡೇ ಕನ್ನಡ ಕಲಿಸಿದರೆ ಅಜ್ಜನ ಕೆಲಸವೂ ಆಗುತ್ತದೆ, ಊರಿಗೆ ಎಂಥ ಪಾಠ ಬೇಕು ಅಂತ ಕನ್ನಡ ವಿಭಾಗದ ಮಾಸ್ಟ್ರಿಗೂ ಗೊತ್ತಾಗುತ್ತದೆ ಅಲ್ವಾ?

ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2021ರಲ್ಲೇ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ತಂದಿದೆ, ಅಂದ್ರೆ ಕೋರ್ಸು ಮುಗಿಸಿ ಗಳಿಸಿದ ಕ್ರೆಡಿಟ್ಟನ್ನು ಖಾತೆಯಲ್ಲಿ ಕೂಡಿಟ್ಟು ಮುಂದೆ ಡಿಗ್ರಿಗೆ ಬಳಸಿಕೊಳ್ಳುವ ವ್ಯವಸ್ಥೆ. ಸಣ್ಣ ಕೋರ್ಸಿಗೂ ಕ್ರೆಡಿಟ್ ಬೇಕು ಅಂತ ಹಟ ಹಿಡಿಯಿರಿ, ಇಲ್ಲದಿದ್ದರೆ ಸರ್ಟಿಫಿಕೇಟ್ ಸುಮ್ನೆ ಕಪಾಟಿನಲ್ಲಿ ಕೂರುತ್ತದೆ. ಮತ್ತೆ, ಸೇರಿದವರು ಯಾಕೆ ಸೇರಿದರು, ಬಿಟ್ಟವರು ಯಾಕೆ ಬಿಟ್ಟರು ಅಂತ ಬರೆದಿಟ್ಟು ಉಳಿದ ವಿಭಾಗಗಳ ಮುಂದಿಡಿ. ಈ ಕೆಲಸವನ್ನು ಈ ವರ್ಷವೇ ಶುರು ಮಾಡಿ.