ನಾಯಿಯ ನಡಿಗೆಗೊಂದು ಹಾಡು

ಪ್ರಶ್ನೆ: ಇಂಗ್ಲೆಂಡಿನವರು ನಾಯಿ ಜೊತೆ ಡ್ಯಾನ್ಸ್ ಮಾಡುವ ಸ್ಪರ್ಧೆಯ ವಿಡಿಯೊ ನೋಡಿದೆ. ಅದಕ್ಕೂ ನಿಯಮ, ಅಂಕ ಇದೆಯೆ? ನಾಯಿಗೆ ಅದು ಹಿಂಸೆಯಲ್ಲವೆ? ಬೀದಿಯಿಂದ ತಂದು ಸಾಕಿದ ನಮ್ಮ ಮೂರು ವರ್ಷದ ಹೆಣ್ಣುನಾಯಿಗೂ ಕಲಿಸಬಹುದೆ?
– ಓದುಗರೊಬ್ಬರು, ಮೈಸೂರು

ಉತ್ತರ: ಮೂತಿಗೆ ಹಗ್ಗ ಪೋಣಿಸಿದ ಕರಡಿಯನ್ನು ಬೀದಿಯಲ್ಲಿ ಕುಣಿಸುತ್ತಿದ್ದುದನ್ನು ನೋಡಿ ಅತ್ತವಳು ನಾನು. ಹಾಗಾಗಿ ನಿಮ್ಮ ಅನುಮಾನ ಅರ್ಥವಾಗುತ್ತೆ. ಆದರೆ ಈ ಆಟದಲ್ಲಿ ನಾಯಿಗೆ ಹಗ್ಗವೇ ಇರುವುದಿಲ್ಲ. ಮನಸ್ಸಿಲ್ಲದಿದ್ದರೆ ಅದು ಎದ್ದು ಹೋಗಬಹುದು.

1990ರ ದಶಕದ ಆರಂಭದಲ್ಲಿ ಮೇರಿ ರೇ ಎಂಬ ತರಬೇತುದಾರರು ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ ಇದನ್ನು ಮಾಡಿ ತೋರಿಸಿದ ಮೇಲೆ ಬ್ರಿಟನ್ನಿನಲ್ಲಿ ಮನೆಮಾತಾಯಿತು. ಅಲ್ಲಿ ಎರಡು ವಿಭಾಗಗಳಿವೆ. ‘ಹೀಲ್‌ವರ್ಕ್ ಟು ಮ್ಯೂಸಿಕ್’ನಲ್ಲಿ ಮೂರರಲ್ಲಿ ಎರಡು ಪಾಲಾದರೂ ನಾಯಿ ಒಡೆಯರ ಪಕ್ಕಕ್ಕೆ ಅಂಟಿಕೊಂಡೇ ನಡೆಯಬೇಕು. ‘ಫ್ರೀಸ್ಟೈಲ್’ನಲ್ಲಿ ಸುತ್ತುವುದು, ಕಾಲ ಸಂದಿಯಲ್ಲಿ ನುಸುಳುವುದು, ದೂರದಿಂದಲೇ ಸನ್ನೆಗೆ ಹೆಜ್ಜೆ ಹಾಕುವುದು ಹೆಚ್ಚು. ಹೆಜ್ಜೆಗಳು ಎಷ್ಟು ಬಗೆ, ಎಷ್ಟು ಅಚ್ಚುಕಟ್ಟು, ಹಾಡಿಗೆ ಎಷ್ಟು ಹೊಂದಿವೆ ಎಂದು ನೋಡಿ ಅಂಕ ಕೊಡುತ್ತಾರೆ.

ಇದರ ಗುಟ್ಟು ನಾಯಿಯ ನಡಿಗೆಯಲ್ಲಿದೆ. ನಾಯಿ ತಾಳ ಎಣಿಸುವುದಿಲ್ಲ, ಅದರ ಓಟಕ್ಕೆ ಹೊಂದುವ ಹಾಡನ್ನು ನಾವು ಹುಡುಕಬೇಕು. ನಮ್ಮ ಕೆಂಚಿಯನ್ನು ತಾರಸಿ ಮೇಲೆ ಕುಕ್ಕುಲೋಟದಲ್ಲಿ ಬಿಟ್ಟು, ಅವಳ ಬಲ ಮುಂಗಾಲು ಎಷ್ಟು ಸಲ ನೆಲ ಮುಟ್ಟುತ್ತೆ ಅಂತ ಎಣಿಸಿದೆ. ಹದಿನೈದು ಸೆಕೆಂಡಿಗೆ 30, ಅಂದರೆ ನಿಮಿಷಕ್ಕೆ 120. ಅದೇ ವೇಗದ ಹಾಡು ಹಾಕಿದ ದಿನ, ಏನೂ ಕಲಿಸದೆಯೇ ಅವಳು ತಾಳಕ್ಕೆ ನಡೆಯುತ್ತಿರುವಂತೆ ಕಂಡಳು. ನನಗೆ ಕಣ್ಣಲ್ಲಿ ನೀರು ಬಂತು.

ಹಿಂಗಾಲಲ್ಲಿ ನಿಲ್ಲಿಸುವುದನ್ನು ಮಾತ್ರ ನಾನು ಕಲಿಸುವುದಿಲ್ಲ. ಸೊಂಟಕ್ಕೂ ಬೆನ್ನಿಗೂ ಭಾರ. ಅದಿಲ್ಲದೆಯೂ ಸೊಗಸಾಗಿ ಕುಣಿಯಬಹುದು.

ತಳಿಯ ಚಿಂತೆ ಬಿಡಿ. 2012ರಲ್ಲಿ ‘ಬ್ರಿಟನ್ಸ್ ಗಾಟ್ ಟ್ಯಾಲೆಂಟ್’ ಎಂಬ ಟಿವಿ ಪ್ರತಿಭಾ ಸ್ಪರ್ಧೆಯನ್ನು ಒಡತಿಯ ಜೊತೆ ಕುಣಿದು ಗೆದ್ದ ಪಡ್ಸಿ ಮಿಶ್ರತಳಿಯ ನಾಯಿ. ನಿಮ್ಮವಳಿಗೆ ಮೊದಲು ಸುತ್ತುವುದನ್ನು ಕಲಿಸಿ. ಬೇಯಿಸಿದ ಕೋಳಿಯ ಚೂರು, ಕಡಲೆಕಾಳಿನಷ್ಟೇ ಸಾಕು, ಮೂಗಿನ ಮುಂದೆ ಹಿಡಿದು ನಿಧಾನವಾಗಿ ವೃತ್ತ ಎಳೆಯಿರಿ. ಅವಳು ಅದರ ಹಿಂದೆ ತಲೆ ತಿರುಗಿಸಿದ ಕ್ಷಣವೇ ‘ಭೇಷ್’ ಅಂದು ಕೊಟ್ಟುಬಿಡಿ. ಪೂರ್ತಿ ಸುತ್ತಲಿ ಅಂತ ಕಾಯಬೇಡಿ. ಮಾರನೆಯ ದಿನ ಅರ್ಧ ಸುತ್ತಿಗೆ ಕೊಡಿ. ಒಂದು ಹೊತ್ತಿಗೆ ಐದು ನಿಮಿಷ ಮೀರಬಾರದು. ಮೂತಿ ನೆಕ್ಕಿಕೊಳ್ಳುತ್ತಾ ಆಕಳಿಸಿದರೆ ಅವಳಿಗೆ ಸಾಕಾಗಿದೆ ಎಂದರ್ಥ, ಅಲ್ಲಿಗೇ ನಿಲ್ಲಿಸಿ.